ತಿದ್ದಿದ ಅಂಕಿ

ಹಾಸನದ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವವಳು ನಾನು.
ಜಲಂಧರದ ಲಾರಿಯಿಂದ ಇಳಿದ ಬಿತ್ತನೆ ಆಲೂಗಡ್ಡೆಗೆ
ಲಾಟ್ ನಂಬರು, ಮೂಟೆ, ತೂಕ, ಕೊಳೆತದ್ದೆಷ್ಟು.
ಹನ್ನೊಂದು ವರ್ಷ. ಏಪ್ರಿಲ್ಲಿನಲ್ಲೂ ಸ್ವೆಟರು.

ಇಂಚರಳ ಫೈಲನ್ನೂ ಹಾಗೇ ಇಟ್ಟಿದ್ದೇನೆ:
ಮೂರು ವಾರಕ್ಕೊಮ್ಮೆ ಏರಿಸಿದ ರಕ್ತ, ತಾರೀಖು, ಚೀಲದ ನಂಬರು.
ಕೊಟ್ಟವರ ಹೆಸರು ಯಾರೂ ಹೇಳುವುದಿಲ್ಲ,
ಆ ಖಾನೆಯಲ್ಲಿ ‘ಒಬ್ಬರು’ ಎಂದು ಬರೆಯುತ್ತೇನೆ.
ಏಳು ವರ್ಷದ ಹುಡುಗಿಗೆ
ನೂರಾ ಹದಿನಾಲ್ಕು ‘ಒಬ್ಬರು’.

ತಮ್ಮ ಹೊಯ್ಸಳನ ಮಜ್ಜೆ ಕೂಡಿಬಂತು, ಹತ್ತಕ್ಕೆ ಹತ್ತು.
ಓದದೇ ಬಂದ ಮಾರ್ಕೆಂದು ಮಂಚದ ಮೇಲೆ ಕುಣಿದ.

ಇನ್ನು ಎಲ್ಲಿ ಎಂಬುದು.
ಭಾವ ವೆಲ್ಲೂರು ಎಂದರು, ಅವರ ಸಾಹುಕಾರರ ಕಿಡ್ನಿ
ಅಲ್ಲಿ ಸರಿಹೋಗಿತ್ತು.
ಡೈರಿಗೆ ಹಾಲು ಹಾಕುವ ಸಿದ್ದಮ್ಮ
ಯಾರೋ ಬೇರು ಕೊಡ್ತಾರಂತೆ ಕಣವ್ವ ಎಂದಳು.
ಗೂಡ್ಸ್ ಆಟೋ ಒರೆಸುತ್ತ ನಂಜೇಶ ಕೇಳಿದ್ದು ಒಂದೇ:
ರಾತ್ರಿ ಹೊತ್ತು ಗಂಡಸರು ಎಲ್ಲಿ ಮಲಗ್ತಾರಂತೆ?

ಮೊದಲನೆಯದರಲ್ಲಿ ಗಾಜಿನ ತೊಟ್ಟಿ, ಕಿತ್ತಳೆ ಮೀನು.
ಟೈ ಕಟ್ಟಿದ ಹುಡುಗ ‘ಪ್ಯಾಕೇಜು’ ಎಂದ,
ನಾವು ಊಟಿಗೆ ಹೊರಟವರ ಹಾಗೆ.
ಸೋಂಕಾದರೆ ಬೇರೆ, ಐಸಿಯು ಬೇರೆ,
ಹತ್ತಿರದಲ್ಲೇ ನೂರು ದಿನ ಇರುವ ಬಾಡಿಗೆ ಬೇರೆ.
ಶೇಕಡಾ ತೊಂಬತ್ತು ಗ್ಯಾರಂಟಿ ಎಂದ.
ಯಾವ ಮಕ್ಕಳಲ್ಲಿ, ಯಾವ ವರ್ಷ?
‘ಒಟ್ಟಾರೆ, ಮೇಡಂ.’
ಒಟ್ಟಾರೆ ಎಂಬ ಲಾಟು ನನ್ನ ಪುಸ್ತಕದಲ್ಲಿಲ್ಲ.

ಎರಡನೆಯದರಲ್ಲಿ ಅರ್ಧ ದುಡ್ಡು, ಹನ್ನೊಂದು ತಿಂಗಳ ಸರದಿ.
ಅಷ್ಟರಲ್ಲಿ ಆ ಒಬ್ಬೊಬ್ಬರ ರಕ್ತದ ಕಬ್ಬಿಣ
ಅವಳ ಲಿವರಿನಲ್ಲಿ ಇನ್ನಷ್ಟು ಕೂರುತ್ತದೆ.

ಮೂರನೆಯದರ ಗೋಡೆಗೆ ಸುಣ್ಣ ಬೇಕಿತ್ತು.
ಡಾಕ್ಟರಮ್ಮ ಹವಾಯಿ ಚಪ್ಪಲಿಯಲ್ಲಿ ಬಂದು ಕೂತರು.
‘ಹೋದ ವರ್ಷ ಈ ಕಾಯಿಲೆಗೆ ಇಪ್ಪತ್ತಾರು ಮಕ್ಕಳಿಗೆ ಮಾಡಿದ್ವಿ.
ಎರಡು ಹೋದವು.’
ಕನ್ನಡಕ ತೆಗೆದರು. ಹಾಕಿಕೊಂಡರು.
‘ಅಲ್ಲ, ಮೂರು. ಒಂದು ಮಗು ಮನೆಗೆ ಹೋದ ಮೇಲೆ ಹೋಯ್ತು.
ಅದೂ ನಮ್ಮ ಲೆಕ್ಕಕ್ಕೇ.’

ನಮ್ಮಲ್ಲಿ ಅಂಕಿ ಅಳಿಸುವಂತಿಲ್ಲ.
ತಪ್ಪಿದ್ದರ ಮೇಲೆ ಒಂದೇ ಗೆರೆ,
ಕೆಳಗಿನದು ಕಾಣಬೇಕು, ಪಕ್ಕದಲ್ಲಿ ಸಹಿ.
ಸಹಿಯಿಲ್ಲದ ಸ್ವಚ್ಛ ಪುಟ ಕಂಡರೆ ನನಗೆ
ಮೂಟೆ ಬಿಚ್ಚಿ ನೋಡುವ ಚಟ.

ನಂಜೇಶ ಎಂಜಲು ನುಂಗಿ ತನ್ನದನ್ನು ಕೇಳಿಯೇಬಿಟ್ಟ.
‘ಮೆಟ್ಟಿಲ ಕೆಳಗೆ,’ ಎಂದರು ನಗದೆ. ‘ಸೊಳ್ಳೆ ಇದಾವೆ.’

ರಾತ್ರಿ ಬಸ್ಸಿನಲ್ಲಿ, ಚನ್ನರಾಯಪಟ್ಟಣ ದಾಟಿದ ಮೇಲೆ,
ಟಿಕೆಟ್ಟಿನ ಹಿಂದೆ ಭಾಗಿಸಿ ನೋಡಿದೆ.
ಇಪ್ಪತ್ತಾರಕ್ಕೆ ಇಪ್ಪತ್ಮೂರು:
ಟೈ ಹುಡುಗನ ತೊಂಬತ್ತಕ್ಕಿಂತ ಕಡಿಮೆಯೇ.
ಮತ್ತೆ ಭಾಗಿಸಿದೆ. ಅಷ್ಟೇ ಬಂತು.
ಪಕ್ಕದಲ್ಲಿ ನಂಜೇಶ ಬೂವನಹಳ್ಳಿಯ ಸೈಟಿನ ಬೆಲೆಯನ್ನು
ಬಾಯೊಳಗೇ ಏರಿಸುತ್ತಿದ್ದ, ಇಳಿಸುತ್ತಿದ್ದ.
ಆ ಮೂರನೆಯ ಮಗು ಹುಡುಗನೋ ಹುಡುಗಿಯೋ,
ಕೇಳಲಿಲ್ಲ ನಾನು. ಮನೆ ಯಾವ ಊರಿನಲ್ಲಿತ್ತೋ.

ಸೋಮವಾರ ಫೈಲಿನ ಮೇಲೆ
ಆಸ್ಪತ್ರೆಯ ಹೆಸರು ಬರೆದೆ, ಇಂಕಿನಲ್ಲಿ.
ಪಕ್ಕದಲ್ಲಿ ಒಂದು ಸಹಿಯಷ್ಟು ಜಾಗ
ಕೈ ತಾನೇ ಬಿಟ್ಟಿತ್ತು.

‘ನಂದು ತೆಗೆದ್ರೆ ಮತ್ತೆ ಬರ್ತದಾ?’ ಎಂದ ಹೊಯ್ಸಳ.
ಬರ್ತದೆ, ಕೆಲವೇ ವಾರದಲ್ಲಿ.
‘ಹಂಗಾದ್ರೆ ಕೊಡ್ತೀನಿ. ಅಕ್ಕನ ಸೈಕಲ್ ನಂಗೆ.’

‘ಕೊಡಲ್ಲ,’ ಅಂದಳು ಇಂಚರ,
ತಟ್ಟೆಯ ಮೇಲಿಂದ ತಲೆಯೆತ್ತದೆ,
‘ಬಂದ್ಮೇಲೆ ನಂಗೇ ಬೇಕು.’