ವೋಲೋಸ್‌ನ ಅಗಸಗಿತ್ತಿ

ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ಮುಚ್ಚಿ ಹನ್ನೊಂದು ವರ್ಷ.
ಗೇಟಿಗೆ ಬ್ಯಾಂಕಿನವರ ಬೀಗ.
ನನ್ನ ಬಳಿ ಇನ್ನೂ ಹನ್ನೆರಡು ಜೆರ್ಸಿ:
ಒಗೆದದ್ದು, ಮಡಿಸಿದ್ದು, ಕೂಲಿ ಬಾರದ್ದು.

ಏಳನೇ ನಂಬರು ಝೀಸಿಸನದು. ಸೋತ ರಾತ್ರಿ
ಕೊರಳಂಚನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದ.
ಈಗ ಬಂದರಿನಲ್ಲಿ ದ್ವೀಪದ ಹಡಗಿಗೆ ಟಿಕೆಟ್ ಹರಿಯುತ್ತಾನೆ,
ಎಷ್ಟೇ ಎತ್ತರದ ಬಾಗಿಲಿರಲಿ, ತಲೆ ತಗ್ಗಿಸಿಯೇ ದಾಟುತ್ತಾನೆ.

ಹದಿನಾಲ್ಕು ಆ ಅಮೆರಿಕದವನದು.
ಸಂಬಳವಿಲ್ಲದ ಚಳಿಗಾಲವಿಡೀ
ನನ್ನಡುಗೆಮನೆಯಲ್ಲಿ ಮಸೂರದ ಸಾರು ಕುಡಿದು
ಬಟ್ಟಲು ತಾನೇ ತೊಳೆದಿಟ್ಟ.
ಅವನ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ;
ಮಗನೇ ಅಂದೆ, ಸಾಕಾಯಿತು.

ನಿನ್ನೆ ಗಾಳಿ ಜೋರಿತ್ತು.
ಎಲ್ಲವನ್ನೂ ಮತ್ತೆ ಒಗೆದು ತಾರಸಿಯಲ್ಲಿ ಹರವಿದೆ.
ತೋಳಿಲ್ಲದ ಅಂಗಿಗಳು ಉಬ್ಬಿ, ಜಿಗಿದು,
ಹಗ್ಗ ಬಿಡಲಾರದೆ
ಮತ್ತೆ ಜಿಗಿದು...
ಬೀದಿಯಿಂದ ಯಾವನೋ ಪೋರ ಕೂಗಿದ:
"ಅಜ್ಜೀ, ಅದ್ಯಾವ ತಂಡ?"

ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದೆ.