ಸೆರೊಬ್ ಹೆರೆಯದ ಬಾಗಿಲು

ಆಗ ಗ್ಯುಮ್ರಿಗೆ ಬೇರೊಂದು ಹೆಸರಿತ್ತು.
ನಮ್ಮ ಶಾಲೆಯಲ್ಲಿ ನೆಲವೊಂದೇ ಉಳಿದಿತ್ತು.
ಕುಸಿದ ಕರಿಗಲ್ಲನ್ನೆಲ್ಲ ಲಾರಿಗಳು ಹೊತ್ತೊಯ್ದು
ಚಳಿಗಾಲ ಕಳೆದು
ಹಲಗೆಗಳ ಸಂದಿಯಲ್ಲಿ ಹುಲ್ಲು ಮೂಡಿತ್ತು.

ಪಾಠ ನಡೆಯುತ್ತಿದ್ದದ್ದು ತಗಡಿನ ಡಬ್ಬಿಯಂಥ ಗಾಡಿಯಲ್ಲಿ.
ಅಂದು ಅರ್ಶಲುಯ್ಸ್ ಟೀಚರ್ ನಮ್ಮನ್ನು ಹೊರಗೆ ಕರೆದರು,
ಕೈಯಲ್ಲಿ ಸೀಮೆಸುಣ್ಣ, ಬೂಟಿನ ಉದ್ದನೆಯ ಲೇಸು.
"ಏಳನೇ ತರಗತಿ ಎಲ್ಲಿತ್ತು, ಹೇಳಿ?"
ಒಬ್ಬ ಇಲ್ಲಿ ಅಂದ, ಒಬ್ಬಳು ಅಲ್ಲಿ ಅಂದಳು.
ನಾನು ಸುಮ್ಮನಿದ್ದೆ.

ಕುಕ್ಕರುಗಾಲಲ್ಲಿ ಕೂತು ದೂಳು ಊದಿದರು.
ಮರದಲ್ಲಿ ಒಂದು ಗೀರು,
ಕತ್ತರಿಸಿ ಬಿದ್ದ ಉಗುರಿನ ಹಾಗೆ ಬಾಗಿದ್ದು.
ಜೋತ ಬಾಗಿಲ ಅಡಿಯ ಮೊಳೆ ಗೀಚಿದ್ದು.
"ಹೆರೆಯೋ ಸೆರೊಬ್, ಕರ್ರೆನ್ನುತ್ತದೆ"
ಎಂದು ಮೂರು ವರ್ಷ ಬೈದಿದ್ದರು ಜವಾನನನ್ನು.
ನಾಳೆ ಅನ್ನುತ್ತಿದ್ದ.
ಸೆರೊಬನ ನಾಳೆಯೂ
ಆ ಡಿಸೆಂಬರಿನಲ್ಲೇ ಮುಗಿದಿತ್ತು.

ಗೀರಿನ ಮೇಲೆ ಮೂರು ಚುಕ್ಕೆ.
ಮೊದಲೆರಡನ್ನು ಸೇರಿಸಿ, ನಟ್ಟನಡುವೆ ಒಂದು ಲಂಬ.
ಕೊನೆಯೆರಡನ್ನು ಸೇರಿಸಿ, ಮತ್ತೊಂದು.
ಎರಡು ಲಂಬಗಳೂ ನಡೆದು ನಡೆದು
ಒಂದನ್ನೊಂದು ಮುಟ್ಟಿದ ಕಡೆ
ಏನೂ ಇರಲಿಲ್ಲ. ಬರೀ ಹಲಗೆ.
"ಇಲ್ಲಿತ್ತು ಕೀಲು.
ಬಾಗಿಲೆಲ್ಲ ತಿರುಗುವಾಗ ತಿರುಗದೇ ಇದ್ದದ್ದು
ಇದೊಂದೇ."

ಹೆಬ್ಬೆರಳಿಂದ ಲೇಸಿನ ಒಂದು ತುದಿ ಒತ್ತಿ
ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.
ಗೀರಿನ ಮೇಲೇ ಹೋಯಿತು ನನ್ನ ಕೈ,
ಕೂದಲೆಳೆಯೂ ಆಚೀಚೆ ಆಗದೆ.
"ಬಾಗಿಲೆಂದರೆ ರೇಖಾಖಂಡ, ಅಷ್ಟೆ.
ಹಿಡಿಕೆಯ ಬಿಂದು ದೂರ ಓಡುತ್ತದೆ,
ಕೀಲಿನ ಮಗ್ಗುಲದು ಗೇಣೂ ಸರಿಯುವುದಿಲ್ಲ;
ತಿರುಗಿದ ಕೋನ ಮಾತ್ರ ಇಬ್ಬರಿಗೂ ಒಂದೇ.
ಉದ್ದ? ತಿರುಗಿ ತಿರುಗಿ ಸವೆಯುತ್ತದೆಯೇ?"
ಇಲ್ಲ ಅಂದೆವು, ಬಿಸಿಲಿಗೆ ಕಣ್ಣು ಕಿರಿದು ಮಾಡಿ.

ಆ ಬಿಂದುವಿನಿಂದ ಗೀರು ಹುಟ್ಟಿದ ತುದಿಗೆ
ನೇರ ಎಳೆದು, ಅದನ್ನೇ ಉದ್ದಕ್ಕೆ ಬೆಳೆಸಿ,
"ಇದು ಗೋಡೆ" ಅಂದರು.
ಈಚೆ ಒಲೆ, ಆಚೆ ಓಣಿ.
ಯಾರ ಬೆಂಚು ಎಲ್ಲೆಂದು ಎಲ್ಲರಿಗೂ ತಿಳಿದುಹೋಯಿತು.
ಯಾರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ನೀರಿನ ಕ್ಯಾನು ಹೊತ್ತು
ತಡವಾಗಿ ಬಂದಳು ವಾರ್ಸೆನಿಕ್.
ಸುಣ್ಣದ ಗೆರೆಯ ಆಚೆ ತಾನಾಗಿ ನಿಂತು
"ಒಳಗೆ ಬರಲೇ, ಟೀಚರ್?"

"ಬಾ."

ಗೀರಿನೊಳಗೆ ನಿಂತಿದ್ದ ನಾವು ನಾಲ್ವರು
ಒಂದೊಂದು ಹೆಜ್ಜೆ ಹಿಂದೆ ಸರಿದೆವು,
ಬಾಗಿಲು ತಿರುಗುವಷ್ಟು
ಜಾಗ ಬಿಟ್ಟು.