ಗುಳ್ಳೆ

ತಾತ್ರಾ ಬೆಟ್ಟಸಾಲಿನ ಏಣು ಇಳಿದು
ಮರದ ತಂಗುಮನೆ ಮುಟ್ಟುವಾಗ ಕತ್ತಲು.
ಒಳಗೆ ಹಲಗೆಯಟ್ಟ, ಯಾರೋ ಬಿಟ್ಟುಹೋದ ಅರ್ಧ ಮೇಣದಬತ್ತಿ,
ಒದ್ದೆ ಕಾಲುಚೀಲಗಳ ವಾಸನೆ.
ಹಲಗೆಗೆ ಕರುಣೆಯಿಲ್ಲ. ನನ್ನ ಸೊಂಟಕ್ಕೆ ಗೊತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಇಲ್ಲಿಗೆ ಬರಲಿ. ಇಲ್ಲಿ ಹಾಸಿಗೆಯೇ ಇಲ್ಲ ಇನ್ನೂ.
ಚೀಲದ ತಳದಲ್ಲಿ ನೀರಿನ ಬಾಟಲಿಯಷ್ಟು
ಕಿತ್ತಳೆ ಬಣ್ಣದ ಸುರುಳಿಯೊಂದಿದೆ, ಅಷ್ಟೆ.

ಕುಲುಮೆಯವನ ಮಗ ತಿಮೊತೆಯ್ ಬಳಿ ಯಂತ್ರವಿತ್ತು,
ಕೋಳಿಮೊಟ್ಟೆಯಷ್ಟು. ಗುಂಡಿ ಒತ್ತಿದ.
ಜೇನ್ನೊಣ ಸಿಟ್ಟಾದಂಥ ಸದ್ದು,
ಆಮೇಲೆ ಮುದಿನೊಣದ್ದು,
ಆಮೇಲೆ ಏನೂ ಇಲ್ಲ.
"ಚಳಿಗೆ ಬ್ಯಾಟರಿ ಹೋಯಿತು" ಎಂದ,
ಹತ್ತಿರದವರು ಯಾರೋ ತೀರಿಕೊಂಡ ಹಾಗೆ.
ಅವನ ಹಾಸಿಗೆ ತಲೆಯ ಕಡೆ ಮಾತ್ರ ಉಬ್ಬಿತ್ತು.

ನಾನು ಬಾಯಿಟ್ಟೆ. ಹದಿನೇಳು, ಹದಿನೆಂಟು...
ಇಪ್ಪತ್ತಕ್ಕೆ ಮೇಣದಬತ್ತಿ ಎರಡಾಯಿತು,
ಇಪ್ಪತ್ತೈದಕ್ಕೆ ಅಟ್ಟ ತೇಲಿತು.
"ನಿಲ್ಲಿಸು ಯಾರ್ಮಿಲಾ" ಎಂದರು ಮೂಲೆಯಿಂದ ಸ್ವೆತೊಜಾರ್.

ಮೂವತ್ತೊಂಬತ್ತು ವರ್ಷ ಗಾಜು ಊದಿದವರು.
ಅವರ ಲೋಟಗಳು ನನ್ನ ಮೇಜಿಗೆ ಬರುತ್ತಿದ್ದವು.
ದೀಪದೆದುರು ಹಿಡಿದು, ತಿರುಗಿಸಿ,
ಸಾಸಿವೆಯಷ್ಟು ಗುಳ್ಳೆ ಕಂಡರೂ
ಒಡೆಯುವ ಪೆಟ್ಟಿಗೆಗೆ ಎಸೆಯುವುದು ನನ್ನ ಕೆಲಸ.
ಹನ್ನೊಂದು ವರ್ಷ ಅವರು ನನ್ನೊಡನೆ
ಹವಾಮಾನದ ಹೊರತು ಏನೂ ಮಾತಾಡಲಿಲ್ಲ.
ಕಾರ್ಖಾನೆ ಮುಚ್ಚಿತು. ವರ್ಷಕ್ಕೊಮ್ಮೆ
ಉಳಿದವರು ಹೀಗೆ ನಡೆಯುತ್ತೇವೆ.
ಈಗ ವೈದ್ಯರು ಅವರಿಗೆ ಬಲೂನು ಕೂಡ ಬೇಡವೆಂದಿದ್ದಾರೆ;
ಮೊಮ್ಮಗಳ ಹುಟ್ಟುಹಬ್ಬದಲ್ಲಿ ದಾರ ಕಟ್ಟುವುದಷ್ಟೇ ಅವರ ಪಾಲಿನದು.

"ಎದೆ ಕೊಡಬೇಡ. ದಾರಿ ತೋರಿಸು, ಸಾಕು."
ತೆಳು ಸಂಚಿಯೊಂದನ್ನು ಕೊಡವಿ ಬಿಡಿಸಿದರು.
ಅದರ ಮೂಲೆಯ ಕೊಳವೆ ನನ್ನ ಹಾಸಿಗೆಯ ಮೂತಿಗೆ.
ಬಾಯಗಲಿಸಿ, ಮುಖದಿಂದ ಒಂದು ಗೇಣು ದೂರ ಹಿಡಿದು
ಬಿಸಿ ಸೂಪು ಆರಿಸುವಂತೆ ಊದಿದರು, ಒಮ್ಮೆ.
ಸಂಚಿ ಧಡಕ್ಕನೆ ತುಂಬಿತು.
ಅವರ ಎದೆಯಲ್ಲಿ ಅಷ್ಟು ಗಾಳಿಯಿಲ್ಲವೆಂದು
ಅಲ್ಲಿದ್ದ ಎಲ್ಲರಿಗೂ ಗೊತ್ತು.
"ನನ್ನದು ಚೂರು. ಉಳಿದದ್ದು ಹಿಂದೆ ಬಂದದ್ದು.
ಒಬ್ಬ ಓಡಿದರೆ ಬೀದಿಯ ಮಕ್ಕಳೆಲ್ಲ ಓಡುವುದಿಲ್ಲವೆ?"
ಸಂಚಿಯ ಬಾಯಿ ಸುತ್ತಿ ಮೊಣಕಾಲಲ್ಲಿ ಒತ್ತಿದರು, ತಿದಿಯೊತ್ತುವ ಹಾಗೆ.
ಮೂರು ಸಂಚಿಗೆ ಹಾಸಿಗೆ ಮೈತುಂಬಿಕೊಂಡಿತು.

ಬಾಯುಸಿರಿನಲ್ಲಿ ನೀರಿರುತ್ತದಂತೆ,
ಒಳಗೇ ಕೂತು ಬೂಷ್ಟು ಹಿಡಿಯುತ್ತದಂತೆ.
ಕಲ್ಲಿನಂತೆ ಬಿಗಿ ಮಾಡಬಾರದಂತೆ, ಸೊಂಟಕ್ಕೆ ಹಲಗೆ ತಾಗದಿದ್ದರೆ ಆಯಿತು.
ಕೊನೆಯ ಒಂದು ಉಸಿರು ಮಾತ್ರ ಬಾಯಿಂದ.
"ಅದು ನಿನ್ನದಿರಲಿ."

ತಿಮೊತೆಯ್ ಸಂಚಿ ಇಸಿದುಕೊಂಡು ಊದಿದ. ಅದು ಜೋತುಬಿತ್ತು.
ತುಟಿಯನ್ನು ತೀರ ಹತ್ತಿರ ಇಟ್ಟಿದ್ದ.

ರಾತ್ರಿ ಮೂರಕ್ಕೆ ಸೊಂಟ ಹಲಗೆಗೆ ತಾಗಿ ಎಚ್ಚರ.
ಎಲ್ಲೋ ತೂತು. ದೀಪ ಹಿಡಿದೆ, ಕೈಯಾಡಿಸಿದೆ.
ಗುಳ್ಳೆ ಹಿಡಿಯುವುದಕ್ಕೇ ಹೆಸರಾದ ಕಣ್ಣಿಗೆ
ಏನೂ ಸಿಗಲಿಲ್ಲ.
ಸ್ವೆತೊಜಾರ್ ಎದ್ದರು. ಕೆನ್ನೆಗೆ ನೀರು ಸವರಿಕೊಂಡು
ಹಾಸಿಗೆಯುದ್ದಕ್ಕೂ, ಮಗುವಿನ ಜ್ವರ ನೋಡುವವರಂತೆ,
ಮುಖ ಸರಿಸುತ್ತ ಹೋದರು.
ಪಾದದ ಬಳಿ ನಿಂತರು. "ಇಲ್ಲಿ."
ಬೆರಳಿಟ್ಟೆ. ಸಾಸಿವೆಗಿಂತ ಸಣ್ಣದು.

ಅಂಗಿತೋಳಲ್ಲಿ ಒರೆಸಿ, ತೇಪೆಯ ಕಾಗದ ಸುಲಿಯುತ್ತ ಕೇಳಿದರು:
"ಇಷ್ಟು ದೊಡ್ಡ ಗುಳ್ಳೆ. ಎಸೆಯುವುದಿಲ್ಲವೆ ಪೆಟ್ಟಿಗೆಗೆ?"
ನಗುತ್ತಿದ್ದರೋ ಕೆಮ್ಮುತ್ತಿದ್ದರೋ
ಆ ಬೆಳಕಲ್ಲಿ ತಿಳಿಯಲಿಲ್ಲ.

ಮತ್ತೆ ಸಂಚಿ. ಈ ಸಲ ನಾನು.
ಒಂದು ಗೇಣು ದೂರ, ಒಂದೇ ಉಸಿರು.
ಬಾಗಿಲ ಸಂದಿನ ಚಳಿ, ತಿಮೊತೆಯ್‌ನ ಗೊರಕೆ,
ಆರಿದ ಬತ್ತಿಯ ಹೊಗೆ, ಮುದುಕರ ಕೆಮ್ಮು
ಎಲ್ಲ ಬೆನ್ನಿಗೆ ಬಿದ್ದು ಒಳಗೆ ಹೋದವು.

ಅದರ ಮೇಲೆ ಕಾಲು ಚಾಚಿದೆ.
ಹಿಮ್ಮಡಿ ಮಾತ್ರ ಹಲಗೆಯ ಮೇಲೇ ಉಳಿಯಿತು.